ಐರಿಶ್ ರೆಡ್ ಏಲ್: 6 ಬ್ರಿಕ್ಸ್‌ಗೆ ಬಂದು ನಿಂತಿದೆ, ಬಣ್ಣ ಕೆಂಪಿಲ್ಲ, ಬೆಣ್ಣೆ ವಾಸನೆ ಬೇರೆ

ಪ್ರಶ್ನೆ

ನಮಸ್ಕಾರ. 20 ಲೀಟರ್ ಐರಿಶ್ ರೆಡ್ ಏಲ್ (ಒಂದು ಬಗೆಯ ಬಿಯರ್) ಹುದುಗುವ ಪಾತ್ರೆಯಲ್ಲಿ, ಅಂದರೆ ಫರ್ಮೆಂಟರ್‌ನಲ್ಲಿದೆ, ಎರಡನೇ ವಾರ ನಡೆಯುತ್ತಿದೆ. ಶುರುವಿನಲ್ಲಿ ಗ್ಯಾಸ್ ಹೊರಬಿಡುವ ಏರ್‌ಲಾಕ್ ಬಿಡುವಿಲ್ಲದೆ ಗುಳ್ಳೆ ಬಿಡುತ್ತಿತ್ತು. ಈಗ ಸದ್ದೇ ಇಲ್ಲ. ಯೀಸ್ಟ್ ಹಾಕುವ ಮೊದಲು 11 ಬ್ರಿಕ್ಸ್ (ಸಕ್ಕರೆಯ ಅಳತೆ) ಇತ್ತು. ಈಗ 6. ಮೊನ್ನೆ ನೋಡಿದಾಗಲೂ 6, ಇವತ್ತೂ 6. ಚಾರ್ಟ್ ಪ್ರಕಾರ ಅದು 1.024 ಗ್ರ್ಯಾವಿಟಿ, ಅಂದರೆ ನೀರಿಗೆ ಹೋಲಿಸಿದ ಸಾಂದ್ರತೆ. ಇಷ್ಟು ಸಕ್ಕರೆ ಉಳಿದಿರುವಾಗ ಬಾಟಲಿಗೆ ಹಾಕಿದರೆ ಗ್ಯಾಸ್ ಕಟ್ಟಿ ಒಡೆಯುತ್ತದೇನೋ ಅಂತ ಭಯ.

ಹಾಕಿದ್ದು: ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 3.6 ಕೆಜಿ, ಮಧ್ಯಮ ಕ್ರಿಸ್ಟಲ್ ಮಾಲ್ಟ್ 300 ಗ್ರಾಂ, ಹುರಿದ ಬಾರ್ಲಿ 250 ಗ್ರಾಂ. 67 ಡಿಗ್ರಿಯಲ್ಲಿ ಒಂದು ಗಂಟೆ ಮ್ಯಾಶ್ (ಧಾನ್ಯವನ್ನು ಬಿಸಿನೀರಲ್ಲಿ ನೆನೆಸಿಡುವುದು). ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಹಾಪ್ಸ್ (ಕಹಿ ಕೊಡುವ ಹೂ) 35 ಗ್ರಾಂ, ಕುದಿ ಶುರುವಾದಾಗ. ಐರಿಶ್ ಏಲ್ ಯೀಸ್ಟ್. ಹಗಲು 18 ಡಿಗ್ರಿ ಇರುತ್ತದೆ, ರಾತ್ರಿ 15ಕ್ಕೆ ಇಳಿಯುತ್ತದೆ.

ಇನ್ನೆರಡು ತೊಂದರೆ ಇವೆ. ಹೆಸರಿಗೆ ರೆಡ್, ನೋಡಿದರೆ ಕಡು ಕಂದು. ಮತ್ತೆ ಸ್ಯಾಂಪಲ್ ಮೂಸಿದರೆ ಸಣ್ಣಗೆ ಬೆಣ್ಣೆ ಬಿಸ್ಕತ್ತಿನ ವಾಸನೆ. ಕೆಟ್ಟು ಹೋಯಿತಾ?

ಉತ್ತರ 1

ಯೀಸ್ಟ್ ಮಲಗಿಬಿಟ್ಟಿದೆ. ಹೊಸ ಪ್ಯಾಕೆಟ್ ಒಡೆದು ಸುರಿಯಿರಿ, ಉದ್ದ ಸೌಟಿನಲ್ಲಿ ಚೆನ್ನಾಗಿ ತಿರುವಿ. ಎರಡು ದಿನದಲ್ಲಿ ಮತ್ತೆ ಎದ್ದು ಕೂರುತ್ತದೆ.

ಉತ್ತರ 2

ದಯವಿಟ್ಟು ಈಗಲೇ ಏನೂ ಸುರಿಯಬೇಡಿ, ತಿರುವಲೂ ಬೇಡಿ. ಈ ಹಂತದಲ್ಲಿ ಗಾಳಿ ಸೇರಿದರೆ ಬಿಯರ್ ಬೇಗ ಹಳಸುತ್ತದೆ, ಬೆಣ್ಣೆ ವಾಸನೆಯೂ ಜಾಸ್ತಿ ಆಗಬಹುದು.

ಮೊದಲು ಒಂದು ವಿಷಯ ಹೇಳಿ. ಆ 6 ಬ್ರಿಕ್ಸ್ ಅಳೆದದ್ದು ಯಾವುದರಲ್ಲಿ? ರಿಫ್ರ್ಯಾಕ್ಟೋಮೀಟರಾ?

ಪ್ರಶ್ನೆ ಕೇಳಿದವರು

ಹೌದು, ರಿಫ್ರ್ಯಾಕ್ಟೋಮೀಟರೇ. ಎರಡೇ ಹನಿ ಸಾಕು, ಬಿಯರ್ ಹಾಳಾಗುವುದಿಲ್ಲ ಅಂತ ಅದನ್ನೇ ಬಳಸುತ್ತೇನೆ. ಹೈಡ್ರೋಮೀಟರ್ (ತೇಲಿಸಿ ಸಾಂದ್ರತೆ ಅಳೆಯುವ ಗಾಜಿನ ಕಡ್ಡಿ) ಕೂಡ ಇದೆ, ಡಬ್ಬಿಯಲ್ಲೇ ಇದೆ.

ಉತ್ತರ 2

ಹಾಗಿದ್ದರೆ ನಿಮ್ಮ ಬಿಯರ್ ಎಲ್ಲೂ ನಿಂತಿಲ್ಲ ಅನ್ನಿಸುತ್ತದೆ. ರಿಫ್ರ್ಯಾಕ್ಟೋಮೀಟರ್ ಸಕ್ಕರೆಯನ್ನು ನೇರವಾಗಿ ಅಳೆಯುವುದಿಲ್ಲ. ಬೆಳಕು ಎಷ್ಟು ಬಾಗಿತು ಅಂತ ನೋಡಿ, ಇಷ್ಟು ಸಕ್ಕರೆ ಇರಬೇಕು ಅಂತ ಹೇಳುತ್ತದೆ. ಯೀಸ್ಟ್ ಹಾಕುವ ಮೊದಲು ವರ್ಟ್‌ನಲ್ಲಿ (ಹುದುಗುವ ಮುಂಚಿನ ಸಿಹಿ ದ್ರವ) ಇರುವುದು ಬಹುಪಾಲು ನೀರು, ಸಕ್ಕರೆ, ಹಾಗಾಗಿ ಲೆಕ್ಕ ಸರಿ. ಆಮೇಲೆ ಆಲ್ಕೋಹಾಲ್ ಬಂದು ಸೇರುತ್ತದೆ. ಅದೂ ನೀರಿಗಿಂತ ಜಾಸ್ತಿ ಬೆಳಕನ್ನು ಬಾಗಿಸುತ್ತದೆ. ಪಾಪ, ಉಪಕರಣಕ್ಕೆ ಅದೂ ಸಕ್ಕರೆಯೇ.

11ರಿಂದ ಶುರುವಾಗಿ 6 ತೋರಿಸಿದರೆ, ತಿದ್ದುಪಡಿ ಸೂತ್ರಕ್ಕೆ ಹಾಕಿದಾಗ ಸುಮಾರು 1.013 ಬರುತ್ತದೆ. ಐರಿಶ್ ರೆಡ್ ಮುಗಿಯುವುದೇ 1.010ರಿಂದ 1.014ರ ನಡುವೆ. ಅಂದರೆ ಯೀಸ್ಟ್ ತನ್ನ ಕೆಲಸ ಮಾಡಿದೆ. ಸುಮಾರು 4 ಪರ್ಸೆಂಟ್ ಆಲ್ಕೋಹಾಲ್ ಆಗಿರಬೇಕು.

ಆದರೂ ಸೂತ್ರ ನಂಬಿ ಬಾಟಲಿ ತುಂಬಬೇಡಿ, ಅದೂ ಅಂದಾಜೇ. ಹೈಡ್ರೋಮೀಟರ್ ಹೊರಗೆ ತೆಗೆಯಿರಿ. ಸ್ಯಾಂಪಲನ್ನು ಎರಡು ಲೋಟಗಳ ನಡುವೆ ಹತ್ತಾರು ಸಲ ಸುರಿದು ಗ್ಯಾಸ್ ಬಿಡಿಸಿ. ಇಲ್ಲದಿದ್ದರೆ ಗುಳ್ಳೆಗಳು ಗಾಜಿನ ಕಡ್ಡಿಗೆ ಅಂಟಿಕೊಂಡು ಅದನ್ನು ಮೇಲಕ್ಕೆ ಎತ್ತುತ್ತವೆ, ಇಲ್ಲದ ಸಕ್ಕರೆ ಕಾಣಿಸುತ್ತದೆ. ಜಾರ್‌ನಲ್ಲಿ ಬಿಟ್ಟು ಒಮ್ಮೆ ಮೆಲ್ಲಗೆ ತಿರುಗಿಸಿ, ನಿಂತ ಮೇಲೆ ಕಣ್ಣನ್ನು ಆ ಮಟ್ಟಕ್ಕೇ ತಂದು ಓದಿ. ಅಂಚಿನಲ್ಲಿ ದ್ರವ ಸ್ವಲ್ಪ ಮೇಲೇರಿರುತ್ತದೆ, ಅದನ್ನಲ್ಲ, ನಡುವಿನ ತಗ್ಗನ್ನು ನೋಡಬೇಕು. ಅಳೆದದ್ದನ್ನು ವಾಪಸ್ ಸುರಿಯಬೇಡಿ. ಕುಡಿದುಬಿಡಿ, ರುಚಿಯೂ ಗೊತ್ತಾಗುತ್ತದೆ.

ಉತ್ತರ 3

ಬಣ್ಣದ ಬಗ್ಗೆ ನಾನು ಹೇಳುತ್ತೇನೆ. 250 ಗ್ರಾಂ ಹುರಿದ ಬಾರ್ಲಿ ಅಂದರೆ ಒಟ್ಟು ಧಾನ್ಯದಲ್ಲಿ 6 ಪರ್ಸೆಂಟ್ ಆಯಿತು. ಅದು ಸ್ಟೌಟ್ ಕಡೆಗೆ ಹೊರಟ ದಾರಿ. ಎಸ್‌ಆರ್‌ಎಂ (ಬಿಯರ್ ಬಣ್ಣದ ಅಳತೆ) ಲೆಕ್ಕದಲ್ಲಿ ನಿಮ್ಮದು 25ರ ಆಸುಪಾಸು ಬರುತ್ತದೆ. ಈ ಶೈಲಿಗೆ ಬೇಕಾದ್ದು 9ರಿಂದ 14. ನಿಮ್ಮ ಪ್ರಮಾಣಕ್ಕೆ 60 ಗ್ರಾಂ ಸಾಕು. ಕೇಳಿದರೆ ಚಿಟಿಕೆಯಷ್ಟು ಅನ್ನಿಸುತ್ತದೆ ಅಲ್ವಾ? ಆದರೆ ಕೆಂಪು ಬರುವುದೇ ಆ ಚಿಟಿಕೆಯಿಂದ, ಕೊನೆಯಲ್ಲಿ ನಾಲಿಗೆ ಮೇಲೆ ಒಣಗಿದಂತೆ ಮುಗಿಯುವುದೂ ಅದರಿಂದಲೇ.

ಕೆಲವರು ಹುರಿದ ಬಾರ್ಲಿ ಬಿಟ್ಟು ಬರೀ ಕ್ರಿಸ್ಟಲ್ ಮಾಲ್ಟ್‌ನಿಂದಲೇ ಕೆಂಪು ತರಲು ಹೋಗುತ್ತಾರೆ. ಬಣ್ಣವೇನೋ ಬರುತ್ತದೆ, ಆದರೆ ಸಿಹಿ ಬಾಯಿಗೆ ಅಂಟಿಕೊಳ್ಳುತ್ತದೆ. ಎರಡನೇ ಗ್ಲಾಸ್ ಬೇಡ ಅನ್ನಿಸುವ ರೆಡ್ ಏಲ್ ನನಗಂತೂ ರೆಡ್ ಏಲ್ ಅಲ್ಲ.

ಇನ್ನೊಂದು ದಾರಿಯೂ ಇದೆ. ಹುರಿದ ಬಾರ್ಲಿಯನ್ನು ಮ್ಯಾಶ್‌ನ ಕೊನೆಯ 15 ನಿಮಿಷಕ್ಕೆ ಸೇರಿಸಿ. ಬಣ್ಣ ಬಿಡುತ್ತದೆ, ಒಗರು ಕಡಿಮೆ.

ಫರ್ಮೆಂಟರ್‌ನಲ್ಲಿ ಕಾಣುವ ಬಣ್ಣವನ್ನು ಮಾತ್ರ ನಂಬಬೇಡಿ. ಅಷ್ಟು ಆಳದಲ್ಲಿ, ಯೀಸ್ಟ್ ತೇಲುತ್ತಿರುವಾಗ ಎಲ್ಲ ಬಿಯರೂ ಕಪ್ಪಗೇ ಕಾಣುತ್ತದೆ. ತೆಳು ಗ್ಲಾಸಿಗೆ ಹಾಕಿ ಬೆಳಕಿಗೆ ಹಿಡಿಯಿರಿ. ನಿಮ್ಮದೂ ಅಂಚಿನಲ್ಲಿ ಮಾಣಿಕ್ಯದ ಹಾಗೆ ಹೊಳೆಯಬಹುದು, ನಡುವೆ ಕಂದು ಇರುತ್ತದೆ. ಈ ಸಲದ್ದನ್ನು ಕೆಂಪು ಮಾಡಲು ಆಗುವುದಿಲ್ಲ, ಸುಮ್ನೆ ಬಿಟ್ಟುಬಿಡಿ. ರುಚಿಗೇನೂ ಮೋಸ ಇರಲ್ಲ.

ಪ್ರಶ್ನೆ ಕೇಳಿದವರು

ಹೈಡ್ರೋಮೀಟರ್‌ನಲ್ಲಿ ಗ್ಯಾಸ್ ಬಿಡಿಸಿ ನೋಡಿದೆ. 1.013! ಬೆಳಕಿಗೆ ಹಿಡಿದಾಗ ಅಂಚು ಕೆಂಪಗೇ ಇದೆ. ಹಾಗಿದ್ದರೆ ನಾಳೆಯೇ ಬಾಟಲಿ ಮಾಡಲಾ? ಬೆಣ್ಣೆ ವಾಸನೆ ಬಾಟಲಿಯಲ್ಲಿ ತಾನಾಗೇ ಹೋಗುತ್ತದಾ?

ಉತ್ತರ 2

ನಾಳೆ ಬೇಡ. ಆ ವಾಸನೆ ಡೈಅಸಿಟೈಲ್‌ದು. ಯೀಸ್ಟ್ ಬೆಳೆಯುವಾಗ ಅದರ ಮೂಲವಸ್ತುವನ್ನು ಹೊರಗೆ ಬಿಡುತ್ತದೆ. ಅದಕ್ಕೆ ವಾಸನೆ ಇಲ್ಲ. ನಿಧಾನವಾಗಿ ಅದೇ ಡೈಅಸಿಟೈಲ್ ಆಗಿ ಬೆಣ್ಣೆ ವಾಸನೆ ಕೊಡುತ್ತದೆ. ಬಿಸುಪು ಇದ್ದರೆ ಯೀಸ್ಟೇ ಅದನ್ನು ವಾಪಸ್ ತಿಂದು ಮುಗಿಸುತ್ತದೆ. ನಿಮ್ಮಲ್ಲಿ ರಾತ್ರಿ 15 ಡಿಗ್ರಿ. ಐರಿಶ್ ಏಲ್ ಯೀಸ್ಟ್ ಬೇಗ ತಳ ಸೇರುವ ಜಾತಿ. ತಣ್ಣಗಾದ ತಕ್ಷಣ ಕೆಲಸ ಅರ್ಧಕ್ಕೆ ಬಿಟ್ಟು ಕೆಳಗೆ ಕೂತಿರುತ್ತದೆ.

ಫರ್ಮೆಂಟರನ್ನು 20-21 ಡಿಗ್ರಿ ಇರುವ ಜಾಗಕ್ಕೆ ತನ್ನಿ, ಹೊದಿಕೆ ಸುತ್ತಿ. ಎತ್ತಿ ತರುವಾಗ ಸ್ವಲ್ಪ ಅಲುಗಾಡುತ್ತದಲ್ಲ, ತಳದ ಯೀಸ್ಟ್ ಏಳಲು ಅಷ್ಟು ಸಾಕು. ಮೂರು ದಿನ ಬಿಟ್ಟು ಪರೀಕ್ಷೆ ಮಾಡಿ.

ಸ್ಯಾಂಪಲನ್ನು ಎರಡು ಪುಟ್ಟ ಗಾಜಿನ ಲೋಟಕ್ಕೆ ಹಾಕಿ ಮುಚ್ಚಿ. ಒಂದನ್ನು ಹಾಗೇ ಇಡಿ. ಇನ್ನೊಂದನ್ನು 60-65 ಡಿಗ್ರಿ ಬಿಸಿನೀರಲ್ಲಿ 20 ನಿಮಿಷ ಇಟ್ಟು, ಆಮೇಲೆ ತಣ್ಣೀರಲ್ಲಿ ಆರಿಸಿ. ಎರಡನ್ನೂ ಮೂಸಿ. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆ ಬಂದರೆ ಮೂಲವಸ್ತು ಇನ್ನೂ ಉಳಿದಿದೆ, ಕಾಯಿರಿ. ಎರಡರಲ್ಲೂ ಬಂದರೂ ಕಾಯಿರಿ. ಎರಡರಲ್ಲೂ ಇಲ್ಲದಿದ್ದರೆ ಬಾಟಲಿಗೆ ಸಿದ್ಧ. ಜೊತೆಗೆ ಹುಳಿ ವಾಸನೆ ಬಂದರೆ ಅಥವಾ ಮೇಲೆ ಪೊರೆ ಕಟ್ಟಿದರೆ ಅದು ಸೋಂಕು, ಬಿಸಿ ಜಾಗಕ್ಕೆ ತಂದರೂ ಸರಿಹೋಗದು.

ಪ್ರಶ್ನೆ ಕೇಳಿದವರು

ಬಿಸಿ ಜಾಗದಲ್ಲಿಟ್ಟು ಪರೀಕ್ಷೆ ಮಾಡಿದೆ. ಈಗ ಎರಡು ಲೋಟದಲ್ಲೂ ಬೆಣ್ಣೆ ಇಲ್ಲ, ಬರೀ ಟೋಸ್ಟ್ ಥರ ವಾಸನೆ. ಗ್ರ್ಯಾವಿಟಿಯೂ 1.013ರಲ್ಲೇ ಇದೆ. ಗ್ಯಾಸ್ ಬರಲು ಬಾಟಲಿಗೆ ಸಕ್ಕರೆ ಎಷ್ಟು?

ಉತ್ತರ 3

ರೆಡ್ ಏಲ್‌ಗೆ ಗ್ಯಾಸ್ ಜಾಸ್ತಿ ಬೇಡ, 2.1 ವಾಲ್ಯೂಮ್ (ಒಂದು ಲೀಟರ್ ಬಿಯರಿಗೆ 2.1 ಲೀಟರ್ ಗ್ಯಾಸ್) ಸಾಕು. ತಳದ ಕೆಸರು ಬಿಟ್ಟು 18 ಲೀಟರ್ ಸಿಕ್ಕಿದರೆ ಸಾದಾ ಸಕ್ಕರೆ 85-90 ಗ್ರಾಂ. ಸಕ್ಕರೆ ಕ್ಯಾಲ್ಕುಲೇಟರ್ ಬಿಯರ್ ತಾಪಮಾನ ಕೇಳಿದರೆ ಇವತ್ತಿನದ್ದಲ್ಲ, ಬಿಸಿ ಜಾಗದಲ್ಲಿ ಇದ್ದಾಗಿನ 21 ಹಾಕಿ. ಒಳಗೆ ಎಷ್ಟು ಗ್ಯಾಸ್ ಉಳಿದಿದೆ ಎನ್ನುವುದು ಅದರ ಮೇಲೆ ನಿಂತಿದೆ. ಸಕ್ಕರೆಯನ್ನು ಸ್ವಲ್ಪ ನೀರಲ್ಲಿ ಕುದಿಸಿ ಆರಿಸಿ, ಬಿಯರ್ ಜೊತೆ ಮೆಲ್ಲಗೆ ಬೆರೆಸಿ. ಎರಡು ವಾರ 20 ಡಿಗ್ರಿಯಲ್ಲಿಟ್ಟು, ಒಂದು ಬಾಟಲಿ ತಣ್ಣಗೆ ಮಾಡಿ ತೆರೆದು ನೋಡಿ.