ಏಲಿಯನ್‌ಗಳು ‘ಬಂದರು’ ಅನ್ನಬೇಕೋ, ‘ಬಂದವು’ ಅನ್ನಬೇಕೋ?

ಬಳಗದವರಿಗೆ ನಮಸ್ಕಾರ.

ಸಾಗರದಲ್ಲಿ ನಾವು ಕೆಲವರು ಸೇರಿ, ಬೇರೆ ಗ್ರಹದವರು ಭೂಮಿಗೆ ಬಂದಿಳಿಯುವ ಕಥೆಯ ಮೂರು ಇಂಗ್ಲಿಷ್ ಸಿನಿಮಾ ತೋರಿಸುವವರಿದ್ದೇವೆ. ನೋಡಲು ಬರುವವರಲ್ಲಿ ಆ ಇಂಗ್ಲಿಷ್ ಕಿವಿಗೆ ಹತ್ತದವರೇ ಹೆಚ್ಚು. ಹಾಗಾಗಿ ಪರದೆಯ ಬುಡದಲ್ಲಿ ಕನ್ನಡ ಸಾಲು ಹಾಕಬೇಕು. ಆ ಕೆಲಸ ನನ್ನ ಪಾಲಿಗೆ ಬಂದಿದೆ. ಮೂರರಲ್ಲೂ ಕಥೆ ನಿಜಕ್ಕೂ ಮೇಲಿನಿಂದ ಬಂದವರದ್ದಲ್ಲ, ಅವರನ್ನು ಕಂಡು ಕೆಳಗಿನವರು ಹೇಗೆ ಆಡುತ್ತಾರೆ ಅನ್ನುವುದರದ್ದು. ಇಂಗ್ಲಿಷಿನವರು ‘ದೇ’ ಎಂದು ಜಾರಿಕೊಳ್ಳಬಹುದು. ನಾವು ಪ್ರತಿ ಸಾಲಿನ ಕೊನೆಯಲ್ಲೂ ಉತ್ತರ ಕೊಡಲೇಬೇಕು: ಅವರು ಬಂದರೋ, ಅವು ಬಂದವೋ?

ನಾಮಪದದ ಗೊಡವೆ ಬೇಗ ಮುಗಿಸುತ್ತೇನೆ. ‘ಅನ್ಯಗ್ರಹ ಜೀವಿ’ ಪತ್ರಿಕೆಯ ತಲೆಬರಹಕ್ಕೆ ಸರಿ, ಹೆದರಿ ಓಡುತ್ತಿರುವವನ ಬಾಯಲ್ಲಿ ನಿಲ್ಲುವುದಿಲ್ಲ. ‘ಏಲಿಯನ್’ ಕಾನೂನಿನಲ್ಲೂ ಹಳೆಯ ಮಾತು. ಹೊರದೇಶದವರನ್ನು ಗಡೀಪಾರು ಮಾಡುವ ಅಧಿಕಾರಕ್ಕೆ ಅಮೆರಿಕ 1798ರಲ್ಲಿ ಮಾಡಿದ ಕಾಯ್ದೆಯ ಹೆಸರಲ್ಲೇ ಅದಿದೆ. ನಮ್ಮ ಸಂವಿಧಾನದ 22ನೇ ವಿಧಿಯ ಇಂಗ್ಲಿಷ್ ಪಾಠದಲ್ಲೂ ‘ಎನಿಮಿ ಏಲಿಯನ್’ ಇದ್ದಾನೆ. ಕಾಗದಪತ್ರ ಇಲ್ಲದವನು, ಆಕಾಶದಿಂದ ಬಂದವನು ಇಬ್ಬರಿಗೂ ಒಂದೇ ಶಬ್ದ. ಇದಕ್ಕೆ ಹತ್ತಿರದ್ದು ನಮ್ಮ ‘ಪರದೇಶಿ’. ಆದರೆ ಅದು ಎಂದೋ ದಿಕ್ಕುದೆಸೆ ಇಲ್ಲದವನು ಎಂಬ ಅರ್ಥಕ್ಕೆ ತಿರುಗಿಬಿಟ್ಟಿದೆ; ನಗರದಷ್ಟು ದೊಡ್ಡ ಹಡಗಿನಲ್ಲಿ ಬಂದವರಿಗೆ ಒಪ್ಪುವುದಿಲ್ಲ. (ಹಿಂದಿ ಸಿನಿಮಾ ‘ಪಿಕೆ’ಯಲ್ಲಿ ಈ ತಾಪತ್ರಯವೇ ಇಲ್ಲ. ‘ಪೀ ಕೇ’, ಅಂದರೆ ಕುಡಿದು, ಬಂದಿದ್ದೀಯಾ ಎಂದು ಜನ ಕೇಳಿ ಕೇಳಿ ಅದೇ ಆ ಏಲಿಯನ್ನಿನ ಹೆಸರಾಯಿತು. ದೇವರ ಬಗ್ಗೆ ನೇರ ಪ್ರಶ್ನೆ ಕೇಳುವವನು ಕುಡಿದೇ ಇರಬೇಕು ಅನ್ನುವ ಊರಿಗೆ ತಕ್ಕ ಹೆಸರು.) ನಾನು ‘ಏಲಿಯನ್’ ಅಂತಲೇ ಇಟ್ಟುಕೊಳ್ಳುತ್ತೇನೆ. ಮಕ್ಕಳಿಂದ ಹಿಡಿದು ಎಲ್ಲರಿಗೂ ಗೊತ್ತು.

ಈಗ ಕ್ರಿಯಾಪದ. ಗಂಡಸರು ಪುಲ್ಲಿಂಗ, ಹೆಂಗಸರು ಸ್ತ್ರೀಲಿಂಗ, ಮಿಕ್ಕಿದ್ದೆಲ್ಲ ನಪುಂಸಕ ಎಂದು ಶಾಲೆಯಲ್ಲಿ ಕಲಿತೆವು. ಆ ಲೆಕ್ಕದಲ್ಲಿ ಏಲಿಯನ್ ‘ಬಂತು’. ಆಡುಮಾತು ಅಷ್ಟು ಸಲೀಸಾಗಿಲ್ಲ. ಸೂರ್ಯ ಹುಟ್ಟಿದ, ಚಂದ್ರ ಮುಳುಗಿದ ಅನ್ನುತ್ತೇವೆ. ಆಕಾಶದಲ್ಲಿರುವುದು ಗಂಡಸಾಗಲು ಅಡ್ಡಿಯಿಲ್ಲ. ಯಕ್ಷಗಾನದಲ್ಲಿ ಎಂಥ ಕೋರೆಹಲ್ಲಿನ ರಕ್ಕಸನೂ ‘ಬಂದ’. ಅದೇ ಮೈಮೇಲೆ ಮಾತ್ರ ದೇವರು ‘ಬಂತು’. ಮಗು ‘ಅಳ್ತಿದೆ’. ನಮ್ಮ ಕಡೆಯ ಹವಿಗನ್ನಡದಲ್ಲಿ ಹೆಂಗಸರೆಲ್ಲ ‘ಅದು’. ಅಕ್ಕ ‘ಬಂತು’, ಅತ್ತಿಗೆ ‘ಹೋತು’. ಅದರಲ್ಲಿ ಪ್ರೀತಿ ಇದೆಯೋ ಕೀಳು ಮಾಡುವುದಿದೆಯೋ ಎಂದು ಹವ್ಯಕರ ಮನೆಗಳಲ್ಲೇ ಜಗಳ ಇದೆ, ನಾನು ನಡುವೆ ಬರುವುದಿಲ್ಲ. ನಪುಂಸಕ ಅಂದಮಾತ್ರಕ್ಕೆ ಬೈಗುಳವಲ್ಲ ಅನ್ನುವುದಷ್ಟೇ ನನಗೆ ಬೇಕಾದದ್ದು. ‘ಅವರು’ ಅನ್ನಬಹುದಾಗಿದ್ದ ಕಡೆ ಬೇಕೆಂದೇ ‘ಅವು’ ಅಂದಾಗ ಅದು ಚುಚ್ಚುತ್ತದೆ.

1951ರ ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ ನೋಡಿ. ಕ್ಲಾಟು ವಾಷಿಂಗ್ಟನ್ನಿನಲ್ಲಿ ಇಳಿಯುತ್ತಾನೆ, ಶಾಂತಿಯಿಂದ ಬಂದಿದ್ದೇನೆ ಎಂದು ಉಡುಗೊರೆಯೊಂದನ್ನು ಹೊರತೆಗೆಯುತ್ತಾನೆ. ಹೆದರಿದ ಸೈನಿಕ ಗುಂಡು ಹಾರಿಸುತ್ತಾನೆ. ಆಸ್ಪತ್ರೆಯಿಂದ ತಪ್ಪಿಸಿಕೊಂಡು ಕಾರ್ಪೆಂಟರ್ ಎಂಬ ಹೆಸರಲ್ಲಿ ಒಂದು ವಸತಿಮನೆಯಲ್ಲಿ ಕೋಣೆ ಹಿಡಿಯುತ್ತಾನೆ. ನೋಡಲು ಥೇಟ್ ಮನುಷ್ಯ. ಬೆಳಗಿನ ತಿಂಡಿಗೆ ಕೂತವರು ಓಡಿಹೋದ ಏಲಿಯನ್ ಬಗ್ಗೆ ಮಾತಾಡುತ್ತಾರೆ, ಅವನು ಅಲ್ಲೇ ಕೂತಿದ್ದಾನೆ. ಒಬ್ಬಾಕೆಗಂತೂ ಅವನು ಬಂದದ್ದು ಈ ಭೂಮಿಯಿಂದಲೇ ಎಂಬ ಗುಮಾನಿ, ಎಲ್ಲಿಂದ ಅಂತ ನಿಮಗೂ ಗೊತ್ತಲ್ಲ ಅನ್ನುತ್ತಾಳೆ. ಸೋವಿಯತ್ ರಷ್ಯಾ ಎಂದು ಬಾಯಿಬಿಟ್ಟು ಹೇಳುವ ಅಗತ್ಯ ಆ ಕಾಲದ ಅಮೆರಿಕದಲ್ಲಿ ಇರಲಿಲ್ಲ. ನನ್ನ ಕರಡಿನಲ್ಲಿ ಈ ಮೇಜಿನ ಸುತ್ತ ಎರಡು ಕ್ರಿಯಾಪದ ಓಡಾಡುತ್ತವೆ: ಕಾರ್ಪೆಂಟರ್ ‘ಬಂದರು, ಕೂತರು’, ಸುದ್ದಿಯಲ್ಲಿರುವುದು ‘ಅಡಗಿದೆ, ಸಿಕ್ಕಿಲ್ಲ’. ಇಬ್ಬರೂ ಒಬ್ಬನೇ. ಇಲ್ಲಿ ಕನ್ನಡ ಇಂಗ್ಲಿಷಿಗಿಂತ ಒಂದು ಕೈ ಮೇಲು ಅಂತ ನನ್ನ ಅಭಿಪ್ರಾಯ. ವಿರೋಧ ಇದ್ದರೆ ಹೇಳಿ.

ನಿಜವಾದ ಗೋಳು ‘ಡಿಸ್ಟ್ರಿಕ್ಟ್ 9’ರಲ್ಲಿ. ನೀಲ್ ಬ್ಲೊಮ್‌ಕಾಂಪ್ 2009ರಲ್ಲಿ ಮಾಡಿದ್ದು. ಜೊಹಾನ್ಸ್‌ಬರ್ಗಿನ ಮೇಲೆ ಹಡಗು ನಿಂತಿದೆ. ಹಸಿದು ಬಸವಳಿದಿದ್ದ ಏಲಿಯನ್‌ಗಳನ್ನು ಕೆಳಗಿಳಿಸಿ ಶಿಬಿರದಲ್ಲಿಟ್ಟರು, ಅದು ಕೊಳೆಗೇರಿಯಾಯಿತು, ಈಗ ಊರವರಿಗೆ ಬೇಡವಾಗಿದೆ. ವಿಕಸ್ ಎಂಬ ಕಂಪನಿ ಅಧಿಕಾರಿ ಗುಡಿಸಲಿನಿಂದ ಗುಡಿಸಲಿಗೆ ಹೋಗಿ ಜಾಗ ಬಿಡುವ ನೋಟಿಸಿಗೆ ಸಹಿ ಹಾಕಿಸುತ್ತಾನೆ. ಹೆಸರು, ಕಥೆ ಎರಡರ ಹಿಂದೆಯೂ ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಇದೆ: 1966ರಲ್ಲಿ ಅದನ್ನು ಬಿಳಿಯರ ಪ್ರದೇಶ ಎಂದು ಸಾರಿ 60,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿದರು.

ಈ ‘ಎಬ್ಬಿಸು’ವಿಗೆ ಯಾವ ಪದ? ‘ಒಕ್ಕಲೆಬ್ಬಿಸು’ ಅಂದರೆ ಅವರನ್ನು ಒಕ್ಕಲು ಎಂದು ಒಪ್ಪಿಕೊಂಡ ಹಾಗಾಯಿತು; ನೋಟಿಸು ಹಿಡಿದ ವಿಕಸ್ ಅದನ್ನು ಒಪ್ಪುವವನಲ್ಲ. ಅವನ ಬಾಯಿಗೆ ‘ತೆರವು’ ಸರಿ. ಮಲೆನಾಡಿನಲ್ಲಿ ‘ಒತ್ತುವರಿ ತೆರವು’ ಎಂಬ ಮಾತು ಕೇಳದ ಮನೆಯಿಲ್ಲ. ತೆರವಾಗುವುದು ಜಾಗ, ಅಲ್ಲಿದ್ದವರು ಆ ಪದದೊಳಗೆ ಕಾಣುವುದೇ ಇಲ್ಲ. ಒಕ್ಕಲೆಬ್ಬಿಸಿದರು ಎಂದು ಹೇಳುವವರು ಎದ್ದವರು, ಎಬ್ಬಿಸಿದವರಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ನೀರಿನಡಿ ಹೋದಾಗ ಊರು ಬಿಟ್ಟು ಬಂದವರ ಮೊಮ್ಮಕ್ಕಳನ್ನೂ ನಾವು ಇಂದಿಗೂ ‘ಮುಳುಗಡೆಯವರು’ ಅನ್ನುತ್ತೇವೆ. ಕಡತದಲ್ಲಿ ಅವರು ‘ಸಂತ್ರಸ್ತರು’. ಎರಡರಲ್ಲೂ ಅವರ ಊರಿನ ಹೆಸರಿಲ್ಲ. ಏನೇ ಆಗಲಿ ‘-ಅವರು’ ಉಳಿದಿದೆ, ಅಷ್ಟು ಪುಣ್ಯ.

ಸಿನಿಮಾದ ಜನ ಏಲಿಯನ್‌ಗಳನ್ನು ಕರೆಯುವ ಬೈಗುಳ ‘ಪ್ರಾನ್’. ‘ಸೀಗಡಿ’ ಎಂದು ಹಾಕಿದರೆ ನಮ್ಮವರಿಗೆ ಬುಧವಾರದ ಮೀನುಪೇಟೆ ನೆನಪಾಗಿ ನಗು ಬರುತ್ತದೆ, ಕೆಲಸ ಕೆಡುತ್ತದೆ. ಜೊಹಾನ್ಸ್‌ಬರ್ಗಿನವರ ಮನಸ್ಸಿನಲ್ಲಿರುವುದು ಪಾರ್ಕ್‌ಟೌನ್ ಪ್ರಾನ್ ಎಂಬ ಹುಳು. ಹಿತ್ತಲಲ್ಲಿ ಕಾಣುವ, ಮಿಡತೆ ಜಾತಿಯ, ದಪ್ಪಗಿನ ಅಸಹ್ಯದ ಹುಳು. ‘ಮಿಡತೆ’ ಹಗುರ, ‘ಜಿರಲೆ’ ತೀರಾ ಮನೆಯೊಳಗಿನದು. ಬರಿಯ ‘ಹುಳ’ ಅಂತ ಸದ್ಯಕ್ಕೆ ಇಟ್ಟಿದ್ದೇನೆ. ಇನ್ನೊಂದು ಮಾತು: ವರ್ಣಭೇದವನ್ನು ಇಷ್ಟು ಚೆನ್ನಾಗಿ ಚುಚ್ಚುವ ಈ ಸಿನಿಮಾ ನೈಜೀರಿಯದವರನ್ನು ಮಾತ್ರ ಪುಂಡರ ಗುಂಪಾಗಿ ತೋರಿಸಿತು; ಅಲ್ಲಿನ ಸರ್ಕಾರ ಆಕ್ಷೇಪಿಸಿತು. ಬೈಯುವುದನ್ನು ಬೈಯಲು ಹೋದವರೂ ಯಾರನ್ನೋ ‘ಅವು’ ಮಾಡಿಯೇ ತೀರುತ್ತಾರೆ.

ವಿಕಸ್‌ಗೆ ಸೋಂಕು ತಗುಲಿ ಕೈ ಏಲಿಯನ್ನಿನ ಕೈಯಾದ ಮೇಲೆ ಅವನ ಕಂಪನಿಗೆ ಅವನು ಬರೀ ಸಾಮಾನು. ಕನ್ನಡದಲ್ಲಿ ಸಾಹೇಬರು ಬಂದರು, ಅವನು ಬಂದ, ಅದು ಬಂತು ಎಂದು ಮೂರು ಮೆಟ್ಟಿಲು ಇಳಿಸಬಹುದು. ಹಾಗೆ ಇಳಿಸಲೇ, ಅತಿಯಾಯಿತೇ?

ಮೂರನೆಯದು ‘ಅರೈವಲ್’, 2016ರದ್ದು. ಹನ್ನೆರಡು ಹಡಗು ಹನ್ನೆರಡು ಕಡೆ ನಿಂತಿವೆ. ಒಳಗಿನವರ ಬರಹವನ್ನು ಭಾಷಾಶಾಸ್ತ್ರಜ್ಞೆ ಲೂಯಿಸ್ ಓದಲು ಕಲಿಯುತ್ತಾಳೆ. ಬಂದದ್ದೇಕೆ ಎಂದು ಕೇಳಿದಾಗ ಸಿಕ್ಕ ಉತ್ತರದಲ್ಲಿ ‘ವೆಪನ್’ ಎಂಬಂಥ ಪದವಿದೆ. ಅಷ್ಟಕ್ಕೇ ದೇಶಗಳು ಒಂದರೊಡನೊಂದು ಮಾತು ನಿಲ್ಲಿಸಿ ತುಪಾಕಿ ತೆಗೆಯುತ್ತವೆ. ಅದು ‘ಟೂಲ್’ ಇರಬಹುದಲ್ಲ ಅನ್ನುವುದು ಅವಳ ವಾದ. ನಮ್ಮಲ್ಲಿ ‘ಆಯುಧ’ ಎರಡೂ ಹೌದು! ಆಯುಧಪೂಜೆಗೆ ಇಡುವುದು ಕತ್ತಿ, ಗುದ್ದಲಿ, ಅಡಿಕೆ ದೋಟಿ, ಬೈಕು. ‘ಆಯುಧ ಕೊಡುತ್ತೇವೆ’ ಎಂದು ಹಾಕಿದರೆ ಅರ್ಥ ಹೆಚ್ಚು ಸರಿ, ಆದರೆ ಸೇನಾಧಿಕಾರಿಗಳು ಯಾಕೆ ಹೌಹಾರಿದರು ಅಂತ ಹಿಂದಿನ ಸಾಲಿನವರಿಗೆ ತಿಳಿಯಲಿಕ್ಕಿಲ್ಲ. ‘ಶಸ್ತ್ರಾಸ್ತ್ರ’ ಹಾಕಿದರೆ ಲೂಯಿಸಳ ವಾದಕ್ಕೆ ಜಾಗವೇ ಇಲ್ಲ. ‘ಹತ್ಯಾರು’ ಹೇಗೆ? ಬಡಗಿಯ ಚೀಲದಲ್ಲೂ ಇದೆ, ಪೊಲೀಸರ ವರದಿಯಲ್ಲೂ ಇದೆ, ಕೇಳಿದ ಕೂಡಲೇ ಸ್ವಲ್ಪ ದಿಗಿಲೂ ಆಗುತ್ತದೆ. ನನ್ನ ಒಲವು ಅದಕ್ಕೆ.

ಕೊನೆಗೆ ನಿಮ್ಮೂರಿನ ಮಾತು ಬೇಕು. ಇಲ್ಲಿ ಅಡಿಕೆ ಕೊಯ್ಲಿನ ಹೊತ್ತಿಗೆ ದೂರದ ರಾಜ್ಯಗಳಿಂದ ಕೆಲಸಕ್ಕೆ ಬಂದವರ ಬಗ್ಗೆ ‘ಅವು ಇವತ್ತು ಬಂದಿಲ್ಲ’, ‘ಅವಕ್ಕೆ ಕನ್ನಡ ಬರಲ್ಲ’ ಎಂದು ಎಷ್ಟೋ ಜನ ಅನ್ನುವುದನ್ನು ಕೇಳಿದ್ದೇನೆ. ಅಡಿಕೆ ಕೊನೆ ಇಳಿಸುವ ಊರಿನ ಕೊನೆಗಾರನಾದರೆ ‘ಬಂದಿಲ್ಲ, ಮಾರಾಯ, ಅವನು’. ವಿಕಸನ ಬಾಯಿಗೆ ನನಗೆ ಬೇಕಾದದ್ದು ಈ ‘ಅವು’: ಕಿರುಚದೆ, ಸಿಟ್ಟಿಲ್ಲದೆ, ಅಭ್ಯಾಸಬಲದಿಂದ ಬರುವಂಥದ್ದು. ಘಟ್ಟದ ಕೆಳಗೆ, ಬಯಲುಸೀಮೆಯಲ್ಲಿ, ಹುಬ್ಬಳ್ಳಿ ಕಡೆ ಹೊರಗಿನ ಕೂಲಿಯವರಿಗೆ ಈ ಬಳಕೆ ಇದೆಯೇ? ಇದ್ದರೆ ಕ್ರಿಯಾಪದ ‘ಬಂದ್ವು’ ಅಂತಲೋ, ‘ಬಂತು’ ಎಂದು ಏಕವಚನವೋ?