ಶನಿವಾರ ಜಿಮ್‌ನಲ್ಲಿ ಕಾಲು, ಭಾನುವಾರ ಲಾಂಗ್ ರೈಡ್: ಹೊಂದಿಸೋದು ಹೇಗೆ?

ಕೇಳಿದವರು, ಕುವೆಂಪುನಗರ, ಮೈಸೂರು

ವಯಸ್ಸು 38, ಕೂತು ಮಾಡೋ ಕೆಲಸ. 70.3 ಟ್ರಯಥ್ಲಾನ್‌ಗೆ ತಯಾರಿ ನಡೀತಿದೆ: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಜಿಮ್ ಟ್ರೈನರ್ ಒಂದು ದಿನ ಎದೆ, ಒಂದು ದಿನ ಬೆನ್ನು, ಶನಿವಾರ ಕಾಲು ಅಂತ ಹಂಚಿ ಕೊಟ್ಟಿದ್ದಾರೆ. ಭಾನುವಾರ ಸೈಕಲ್ ಹತ್ತಿದ್ರೆ ತೊಡೆ ಹಿಡ್ಕೊಂಡಿರುತ್ತೆ. ಆನ್‌ಲೈನ್ ಕೋಚ್ ಜಿಮ್ಮೇ ಬೇಡ ಅಂತಾರೆ. ವಾರಕ್ಕೆ ಎಂಟು ಗಂಟೆ ಸಿಕ್ಕರೆ ಹೆಚ್ಚು. ಯಾರ ಮಾತು ಕೇಳ್ಲಿ?

ವಿಜಯನಗರದಿಂದ

ಇಬ್ಬರ ಮಾತನ್ನೂ ಅರ್ಧ ಕೇಳಿ, ಅರ್ಧ ಬಿಡಿ ಸರ್. ಜಿಮ್ ಬೇಕು, ಆ ಹಂಚಿಕೆ ಬೇಡ. ಎದೆಗೊಂದು ದಿನ, ತೋಳಿಗೊಂದು ದಿನ ಅನ್ನೋದು ಬಾಡಿ ಬಿಲ್ಡಿಂಗ್ ಲೆಕ್ಕ. ಅವರಿಗೆ ಸ್ನಾಯು ದಪ್ಪ ಆಗಬೇಕು. ನಮಗೆ ಇರೋ ಸ್ನಾಯುವೇ ಜಾಸ್ತಿ ಬಲ ಹಾಕಿದ್ರೆ ಸಾಕು, ಮೈತೂಕ ಏರಿದ್ರೆ ಓಟದಲ್ಲಿ ನಾವೇ ಹೊರಬೇಕು.

ನಾನು ಮಾಡೋದು ವಾರಕ್ಕೆ ಎರಡು ದಿನ, ಮುಕ್ಕಾಲು ಗಂಟೆ. ಸ್ಕ್ವಾಟ್ (ಭಾರ ಹೊತ್ತು ಬಸ್ಕಿ) ಇಲ್ಲಾ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತೋದು), ಒಂಟಿ ಕಾಲಿನ ಸ್ಪ್ಲಿಟ್ ಸ್ಕ್ವಾಟ್, ಈಜಿನ ಭುಜಕ್ಕೆ ಪುಲ್-ಅಪ್ ಅಥವಾ ರೋ (ಭಾರವನ್ನ ಮೈ ಕಡೆಗೆ ಎಳೆಯೋದು), ಹಿಮ್ಮಡಿ ಎತ್ತೋ ಕಾಫ್ ರೈಸ್, ಕೊನೆಗೆ ಮೊಣಕೈ ಊರಿ ಮೈ ನೆಟ್ಟಗೆ ಹಿಡಿಯೋ ಪ್ಲ್ಯಾಂಕ್. ದೊಡ್ಡ ವ್ಯಾಯಾಮಕ್ಕೆ ಮೂರು ಸೆಟ್, ಒಂದೊಂದರಲ್ಲಿ 4ರಿಂದ 6 ರೆಪ್, ಅಂದ್ರೆ ಅಷ್ಟು ಸಲ ಎತ್ತಿ ಇಳಿಸೋದು. ತೂಕ ಎಷ್ಟಿರಬೇಕು ಅಂದ್ರೆ ಇಳಿಸಿದಾಗ ಇನ್ನೊಂದೆರಡು ಎತ್ತಬಹುದಿತ್ತು ಅನ್ನಿಸಬೇಕು, ಅಷ್ಟೆ. ಮಧ್ಯೆ ಎರಡು ಮೂರು ನಿಮಿಷ ಕೂರಿ, ಟ್ರೈನರ್ ಮುಖ ಸಿಂಡರಿಸಿದ್ರೂ ಕೂರಿ. ಮೊದಲ ತಿಂಗಳು ಮಾತ್ರ ಹಗುರ ತೂಕದಲ್ಲಿ ಭಂಗಿ ಕಲೀರಿ.

‘ಎಂಡ್ಯೂರೆನ್ಸ್ ಬೇಕಲ್ವಾ, ಹಗುರ ಎತ್ತಿ ಇಪ್ಪತ್ತಿಪ್ಪತ್ತು ಹೊಡೀರಿ’ ಅನ್ನೋರು ಎಲ್ಲಾ ಜಿಮ್ಮಲ್ಲೂ ಇರ್ತಾರೆ. ನಿಮಿಷಕ್ಕೆ 85 ಸುತ್ತು ಪೆಡಲ್ ತುಳಿದ್ರೆ ಗಂಟೆಗೆ 5100 ಆಯ್ತು. ಆ ಕೆಲಸ ಸೈಕಲ್ ಮೇಲೆ ಆಗ್ಲೇ ಆಗ್ತಿದೆ, ಜಿಮ್‌ಗೆ ಹೋಗೋದು ಸೈಕಲ್ ಕೊಡದೇ ಇರೋದನ್ನ ತಗೊಳ್ಳೋಕೆ. ಭಾರ ಎತ್ತಿದ್ರೆ ನರಗಳು ಒಂದೇ ಸಲಕ್ಕೆ ಹೆಚ್ಚು ಸ್ನಾಯುನಾರುಗಳನ್ನ ಕೆಲಸಕ್ಕೆ ಹಚ್ಚೋದು ಕಲೀತವೆ, ಸ್ನಾಯುರಜ್ಜು ಬಿಗಿಯಾಗುತ್ತೆ, ಅದೇ ವೇಗಕ್ಕೆ ಆಮ್ಲಜನಕ ಕಮ್ಮಿ ಸಾಕಾಗುತ್ತೆ.

ಜಿಮ್ ಮಾಡಿದ್ರೆ ದಮ್ಮು ಕುಂದುತ್ತೆ ಅಂತ ನಿಮ್ಮ ಕೋಚ್‌ಗೆ ಭಯ ಇದ್ದರೆ, ಅದು ಹಳೇದು. 1980ರಲ್ಲಿ ಹಿಕ್ಸನ್ ಅನ್ನೋ ಸಂಶೋಧಕರು ಭಾರ ಎತ್ತೋದು, ದಮ್ಮಿನ ವ್ಯಾಯಾಮ ಎರಡನ್ನೂ ಒಟ್ಟಿಗೆ ಮಾಡಿಸಿ ನೋಡಿದ್ರು. ಕೊನೇ ವಾರಗಳಲ್ಲಿ ಕುಂದಿದ್ದು ಬಲವೇ ಹೊರತು ದಮ್ಮಲ್ಲ. ನಮಗೆ ಮುಖ್ಯವಾದದ್ದು ಉಳೀತು ತಾನೆ?

ಹಾಗಾಗಿ ನಿಮ್ಮ ತೊಂದರೆ ಇರೋದು ಜಿಮ್‌ನಲ್ಲಲ್ಲ, ವಾರ ಹೊಂದಿಸಿದ ರೀತಿಯಲ್ಲಿ. ಮಂಗಳವಾರ ಬೆಳಿಗ್ಗೆ ಇಂಟರ್ವಲ್ ಓಟ (ಸ್ವಲ್ಪ ಜೋರು, ಸ್ವಲ್ಪ ನಿಧಾನ), ಸಂಜೆ ಜಿಮ್. ಗುರುವಾರ ಇನ್ನೊಂದು ಸಲ ಜಿಮ್. ಶುಕ್ರವಾರ ಈಜು. ಕಷ್ಟದ ದಿನ ಪೂರ್ತಿ ಕಷ್ಟ ಇರ್ಲಿ, ಸುಲಭದ ದಿನ ಸುಲಭವಾಗೇ ಇರ್ಲಿ.

ಮಂಡ್ಯದಿಂದ

ಜಿಮ್ ಫೀಸು ಕಟ್ಟಕ್ಕಾಗ್ದೆ ಇರೋರ್ಗೆ ಒಂದ್ ಮಾತು ಅಣ್ಣ. ಗೊಬ್ಬರದ ಚೀಲಕ್ಕೆ ಮರಳು ತುಂಬ್ಕಳಿ, ಒಂದ್ರೊಳಗೊಂದು ಎರಡು ಚೀಲ, ಇಲ್ದಿದ್ರೆ ಒಡ್ದೋಯ್ತದೆ. ಅದ್ನ ತಬ್ಕಂಡು ಬಸ್ಕಿ, ಹೆಗಲ ಮೇಲೆ ಹಾಕ್ಕಂಡು ಒಂಟಿ ಕಾಲಲ್ಲಿ ಜಗಲಿ ಹತ್ತೋದು. ಮರಳು ಸೇರಿಸ್ತಾ ಹೋಗಿ. ಗರಡಿಲಿ ಸಾಮು ಮಾಡ್ದೋರ್ಗೆ ಇದೇನ್ ಹೊಸದಲ್ಲ. ಆದ್ರೆ ನೂರಾರು ಬಸ್ಕಿ ಬ್ಯಾಡ, ಆ ವಿಜಯನಗರದ ಮೇಡಮ್ಮು ಹೇಳ್ದಂಗೆ ಭಾರ ಹಾಕಿ ಕಮ್ಮಿ ಹೊಡೀರಿ.

ಈಜಕ್ಕೆ ಮಾತ್ರ ವಿ.ಸಿ. ನಾಲೆಗೆ ಇಳೀಬ್ಯಾಡಿ. ಮೇಲೆ ಸುಮ್ನಿರ್ತದೆ, ಒಳಗೆ ಸೆಳವು, ದಡದಾಗೆ ಹಿಡ್ಕಳಕ್ಕೆ ಏನೂ ಸಿಗಕಿಲ್ಲ. ರಂಗನತಿಟ್ಟಿನ ಕಡೆ ಹೊಳೇಲಿ ಮೊಸಳೆ ಅವೆ. ಸರಸ್ವತಿಪುರಂ ಯೂನಿವರ್ಸಿಟಿ ಈಜುಕೊಳ ಐತಲ್ಲ. ಸೈಕಲ್ಲೂ ಅಷ್ಟೆಯ, 2023ರ ಆಗಸ್ಟಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕನ್ನೇ ಬಿಡ್ತಿಲ್ಲ. ಸರ್ವಿಸ್ ರೋಡೇ ಗತಿ, ಅಲ್ಲಿ ಕಬ್ಬಿನ ಟ್ರ್ಯಾಕ್ಟ್ರು ಎದುರ್ಗೇ ಬತ್ತವೆ, ಲೈಟ್ ಹಾಕ್ಕಳಿ.

ಜೆ.ಪಿ. ನಗರ, ಮೈಸೂರಿನಿಂದ

ನಾನಂತೂ ಜಿಮ್ ಬಾಗಿಲು ತುಳಿದೋನಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇರೋ ಊರಲ್ಲಿ ಸ್ಕ್ವಾಟ್‌ಗೆ ದುಡ್ಡು ಕೊಡಬೇಕಾ?

ಫಿಸಿಯೋಥೆರಪಿಸ್ಟ್, ಮೈಸೂರು

ಬೆಟ್ಟ ಬಿಡಬೇಡಿ ಸ್ವಾಮಿ. ಆದ್ರೆ ಒಂದೇ ಸಮ ಸಾವಿರ ಸಲ ಮಾಡೋಕೆ ಆಗೋ ಕೆಲಸ ದಮ್ಮನ್ನ ಬೆಳೆಸುತ್ತೆ, ಬಲವನ್ನ ಅಷ್ಟಾಗಿ ಅಲ್ಲ. ಇನ್ನೊಂದು, ನೋವು ಕೊಡೋದು ಹತ್ತೋದಲ್ಲ, ಇಳಿಯೋದು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕ್ತಿರುತ್ತೆ, ಅದರ ನೋವು ಒಂದೆರಡು ದಿನ ಬಿಟ್ಟು ಜೋರಾಗುತ್ತೆ. ಶನಿವಾರ ಇಳಿದ್ರೆ ಭಾನುವಾರ ಗೊತ್ತಾಗುತ್ತೆ. ಮಂಡಿ ನೋವಿರೋರು ಮೆಟ್ಟಿಲು ಹತ್ತಿ, ಸಿಟಿ ಬಸ್ಸಲ್ಲಿ ಇಳೀರಿ.

ಜನ ತೊಡೆ ನೋಡ್ಕೋತಾರೆ, ಮೀನಖಂಡ ಮರೀತಾರೆ. ಅದರ ಒಳಪದರದಲ್ಲಿ ಸೋಲಿಯಸ್ ಅಂತ ಒಂದು ಸ್ನಾಯು ಇದೆ, ಓಟದ ಪ್ರತಿ ಹೆಜ್ಜೆಯಲ್ಲೂ ಅದರ ಮೇಲೆ ಬೀಳೋ ಹೊರೆ ನಿಮ್ಮ ಮೈತೂಕದ ಹಲವು ಪಟ್ಟು. ಅದಕ್ಕೆ ಮಂಡಿ ಮಡಚಿಯೇ ಕಾಫ್ ರೈಸ್ ಮಾಡಬೇಕು, ಕಾಲು ನೆಟ್ಟಗಿಟ್ರೆ ಹೊರಗಿನ ಸ್ನಾಯುವೇ ಹೆಚ್ಚು ಕೆಲಸ ಮಾಡಿಬಿಡುತ್ತೆ. ಅಕಿಲೀಸ್ (ಹಿಮ್ಮಡಿ ಹಿಂದಿನ ಸ್ನಾಯುರಜ್ಜು) ನೋವಿಗೆ ಸ್ವೀಡನ್ನಿನ ಆಲ್ಫ್ರೆಡ್‌ಸನ್ 1998ರಲ್ಲಿ ಕೊಟ್ಟ ಕ್ರಮ ಈಗಲೂ ಚಾಲ್ತಿಯಲ್ಲಿದೆ: ಮೆಟ್ಟಿಲಂಚಲ್ಲಿ ನಿಂತು ಹಿಮ್ಮಡಿಯನ್ನ ನಿಧಾನ ಇಳಿಸೋದು, ಮಂಡಿ ನೆಟ್ಟಗೆ 15ರ ಮೂರು ಸೆಟ್, ಮಡಚಿ 15ರ ಮೂರು ಸೆಟ್, ದಿನಕ್ಕೆರಡು ಹೊತ್ತು, 12 ವಾರ. ಬೇಜಾರಾಗಿ ಮೂರನೇ ವಾರಕ್ಕೆ ಬಿಡೋರೇ ಜಾಸ್ತಿ. ನೋವಿದ್ರೆ ಮೊದಲು ಯಾರಿಗಾದ್ರೂ ತೋರಿಸಿ.

ವಿಜಯನಗರದಿಂದ, ಮತ್ತೆ

ಕೋಚ್ ಬಗ್ಗೆ ಒಂದು ಬಿಟ್ಟೋಯ್ತು. ಮೂರು ವಿಷಯ ಕೇಳಿ ನೋಡಿ. ನನ್ನ ಎಂಟು ಗಂಟೆಯಲ್ಲಿ ಜಿಮ್‌ನ ಒಂದೂವರೆ ಗಂಟೆ ಯಾವುದರಿಂದ ಕಳೀತೀರಿ? ಆಫೀಸಲ್ಲಿ ರಾತ್ರಿ ಕೆಲಸ ಬಿದ್ರೆ ಪ್ಲ್ಯಾನ್ ಬದಲಾಯಿಸ್ತೀರಾ? ಹಳೇ ಪೆಟ್ಟು ಏನಿದೆ ಅಂತ ಯಾಕೆ ಕೇಳಿಲ್ಲ? ಮೊದಲನೇದಕ್ಕೆ ಉತ್ತರ ಬರದಿದ್ರೆ ಎಲ್ಲರಿಗೂ ಒಂದೇ ಶೀಟ್ ಕಳಿಸ್ತಿದ್ದಾರೆ ಅಂತಲೇ ಅರ್ಥ. ಆಗೋದಾದ್ರೆ ಕೋಚ್, ಟ್ರೈನರ್ ಇಬ್ಬರನ್ನೂ ಒಂದೇ ಕಾಲ್‌ನಲ್ಲಿ ಕೂರಿಸಿ.

ರೇಸ್ ಹತ್ತಿರ ಬಂದಾಗ ಜಿಮ್ ಪೂರ್ತಿ ನಿಲ್ಲಿಸಬೇಡಿ. ವಾರಕ್ಕೊಂದು ಸಲ ಎತ್ತಿದ್ರೂ ಗಳಿಸಿದ ಬಲ ಉಳಿಯುತ್ತೆ ಅಂತ ನಾರ್ವೆಯ ಸೈಕ್ಲಿಸ್ಟ್‌ಗಳ ಮೇಲಿನ ಅಧ್ಯಯನದಲ್ಲಿ ಕಂಡಿದೆ. ಕೊನೇ ವಾರ ಹತ್ತು ದಿನ ಮಾತ್ರ ಕಾಲಿಗೆ ಭಾರ ಬೇಡ.

ಕೇಳಿದವರು

ಎಲ್ರಿಗೂ ಥ್ಯಾಂಕ್ಸ್. ಟ್ರೈನರ್ ಮಂಗಳವಾರ, ಗುರುವಾರಕ್ಕೆ ಒಪ್ಪಿದ್ರು. ಪುಲ್-ಅಪ್ ಒಂದೂ ಆಗಲ್ವಲ್ಲ ಮೇಡಂ, ಏನ್ ಮಾಡೋದು?

ವಿಜಯನಗರದಿಂದ

ಸ್ಟೂಲ್ ಹತ್ತಿ ಗದ್ದ ಕಂಬಿ ಮೇಲೆ ಇಟ್ಕೊಳ್ಳಿ, ಐದು ಎಣಿಸ್ತಾ ನಿಧಾನ ಇಳೀರಿ. ಅದೂ ಕಷ್ಟ ಅಂದ್ರೆ ಸದ್ಯಕ್ಕೆ ಲ್ಯಾಟ್ ಪುಲ್‌ಡೌನ್, ಅಂದ್ರೆ ಕೂತು ಮೇಲಿನ ಕಂಬಿಯನ್ನ ಎದೆಗೆ ಎಳೆಯೋ ಯಂತ್ರ.