ಸಹಾಯ ಬೇಕು: ಸಪ್ಲೈಯರ್ ಬೀರುವಿನಲ್ಲಿ ಕಾರ್ಮಿಕರ ಪಾಸ್‌ಪೋರ್ಟ್

ನಮಸ್ಕಾರ. ನಾನು ಕಂಪನಿಯೊಂದರ ಖರೀದಿ ವಿಭಾಗದಲ್ಲಿದ್ದೇನೆ. ಕಳೆದ ವಾರ ಸಪ್ಲೈಯರ್ ಒಬ್ಬರ ಫ್ಯಾಕ್ಟರಿ ನೋಡಲು ಹೋಗಿದ್ದೆ. ಕಾಗದಪತ್ರ ಎಲ್ಲ ಸರಿಯಾಗಿತ್ತು, ಸ್ವಲ್ಪ ಜಾಸ್ತಿಯೇ ಸರಿಯಾಗಿತ್ತು ಅನ್ನಿ. ಆದರೆ ಮ್ಯಾನೇಜರ್ ಬೀರು ತೆಗೆದಾಗ ರಬ್ಬರ್ ಬ್ಯಾಂಡ್ ಹಾಕಿದ ಪಾಸ್‌ಪೋರ್ಟ್‌ಗಳ ಕಟ್ಟು ಕಂಡಿತು. "ಕಳೆದುಹೋಗಬಾರದು ಅಂತ ನಾವೇ ಇಟ್ಟಿದ್ದೀವಿ" ಅಂದರು. ಕೆಲಸಕ್ಕೆ ಸೇರಿಸಿದ ಏಜೆಂಟ್‌ನ ಫೀಸಿಗೆ ಮಾಡಿದ ಸಾಲವನ್ನು ಸಂಬಳದಲ್ಲಿ ಮುರಿಯುತ್ತಾರೆ ಎಂದು ಒಬ್ಬ ಹುಡುಗ ಮೆಲ್ಲಗೆ ಹೇಳಿದ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೇಳುವ ಬಲವಂತದ ದುಡಿಮೆಯ 11 ಸೂಚಕಗಳಲ್ಲಿ ಇವೆರಡೂ ಇವೆ.

ನಮ್ಮ ಬಾಸ್ ಆರ್ಡರ್ ನಿಲ್ಲಿಸಿಬಿಡಿ ಅಂತಾರೆ. ಆಗ ಕೆಲಸ ಹೋಗುವುದು ಆ ಹುಡುಗರದ್ದೇ, ಸಾಲ ಮಾತ್ರ ಹಾಗೇ ಉಳಿಯುತ್ತದೆ ಅಲ್ವಾ? ಏಜೆಂಟ್ ಫೀಸನ್ನು ಸಪ್ಲೈಯರ್ ಕೈಯಿಂದಲೇ ವಾಪಸ್ ಕೊಡಿಸಿದವರು ಯಾರಾದರೂ ಇದ್ದೀರಾ? ಮಾಲೀಕರ ಕಣ್ಣು ತಪ್ಪಿಸಿ ಕಾರ್ಮಿಕರನ್ನು ಹೇಗೆ ಮಾತಾಡಿಸಿದಿರಿ? ಹೇಳಿದವನು ಯಾರೆಂದು ಗೊತ್ತಾಗಬಾರದು, ಅದೇ ನನ್ನ ಚಿಂತೆ.